ಮಕ್ಕಳೊಂದಿಗೆ ಹನ್ನೊಂದು ದಿನ ಕಡಲ ದಂಡೆಯಲ್ಲಿ



ಸೊಲ್ಲಾಪುರದಲ್ಲಿ ನಮ್ಮ ಮನೆ ಇರುವುದು ವಿಜಯಪುರ ರಸ್ತೆಯ ಕಡೆಗೆ. ಈ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ನನ್ನ ಮಗಳು ಒಂದು ದಿನ ಕೇಳಿದಳು. ವಿಜಯಪುರಕ್ಕೆ ಎಂದೆ. ಅಲ್ಲಿಂದ ಮುಂದೆ? ಹುಬ್ಬಳ್ಳಿಗೆ. ಅಲ್ಲಿಂದ ಮುಂದೆ? ನನಗೆ ಗೊತ್ತಿರಲಿಲ್ಲ. ನಕಾಶೆ ತೆಗೆದು ನೋಡಿದೆವು. ಪಂಜಾಬಿನ ಸಂಗ್ರೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ನಮ್ಮೂರನ್ನು ಹಾಯ್ದು, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಉತ್ತರ ಕನ್ನಡದ ಅಂಕೋಲೆಯಲ್ಲಿ ಸಮುದ್ರದ ಹತ್ತಿರ ಹೋಗಿ ಮುಗಿಯುತ್ತದೆ. ನಾನೂರು ಕಿಲೋಮೀಟರಿಗೂ ಮೇಲೆ ಇದೆ, ನಿಜ. ಆದರೆ ದಾರಿ ಮಾತ್ರ ಒಂದೇ.

ಬಯಲುಸೀಮೆಯ ನಾವು ಕೈಯಲ್ಲಿರುವ ಸ್ವಲ್ಪ ಹಣದಲ್ಲಿ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿ, ಸಮುದ್ರದ ದಂಡೆಯಲ್ಲಿ ಹತ್ತು ಹನ್ನೆರಡು ದಿನ ಇರುವುದು ಹೇಗೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ಇದನ್ನು ನಾನು ಕಲಿತದ್ದು ಒಂದು ಸಲ ತಪ್ಪಿದ ಮೇಲೆ. ಹಾಗಾಗಿ ತಪ್ಪಿನಿಂದಲೇ ಆರಂಭಿಸುತ್ತೇನೆ.

2022ರ ಮೇ ತಿಂಗಳಲ್ಲಿ ಇನ್ನೆರಡು ಕುಟುಂಬಗಳೊಂದಿಗೆ ಒಂದು ಗಾಡಿ ಬಾಡಿಗೆಗೆ ಮಾಡಿಕೊಂಡು ಹೋದೆವು. ಐದು ದಿನ, ನಾಲ್ಕು ಊರು. ದಿನಾ ಬೆಳಿಗ್ಗೆ ಗಂಟುಮೂಟೆ ಕಟ್ಟುವುದು, ಸಂಜೆ ಇನ್ನೊಂದು ಲಾಡ್ಜಿನಲ್ಲಿ ಬಿಚ್ಚುವುದು. ಮೇ ತಿಂಗಳ ಕರಾವಳಿಯ ಸೆಕೆ ನಮ್ಮ ಬಿಸಿಲಿನಂಥದಲ್ಲ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಆರುವುದೇ ಇಲ್ಲ. ಮಕ್ಕಳ ಮೈಯೆಲ್ಲ ಬೆವರುಸಾಲೆ. ಹೋಟೆಲಿನ ಊಟಕ್ಕೂ ಗಾಡಿಗೂ ಸೇರಿ ನಮ್ಮ ಮನೆಯ ಪಾಲಿಗೆ 22 ಸಾವಿರ ರೂಪಾಯಿ ಮುಗಿದವು.

ಹಣ ಹೋದದ್ದು ದೊಡ್ಡದಲ್ಲ. ಮೂರನೆಯ ದಿನ ಸಂಜೆ ಒಂದು ದಂಡೆಯಲ್ಲಿ ಎರಡೂ ಬದಿಗೆ ಅಲೆಗಳು ಒಡೆಯುತ್ತಿದ್ದವು, ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿತ್ತು. ಮಕ್ಕಳಿಗೆ ಇದೇ ಒಳ್ಳೆಯದೆಂದು ನಾವೇ ಆರಿಸಿ ಅಲ್ಲಿ ನಿಲ್ಲಿಸಿದೆವು. ನಮ್ಮ ಯಜಮಾನರು ಒಂದು ಕೈಯಲ್ಲಿ ನಾಲ್ಕು ವರ್ಷದ ಮಗನನ್ನು ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಫೋನು. ಫೋಟೋ ತೆಗೆಯಲು ತಿರುಗಿದ್ದೇ ತಡ, ಕಾಲಡಿಯ ಮರಳು ಜಾರಿ ಮಗುವಿನ ಕೈ ಬಿಟ್ಟುಹೋಯಿತು. ದಂಡೆಯಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದ ಒಬ್ಬ ಮೀನುಗಾರರು ಓಡಿಬಂದು ಹಿಡಿದು ತಂದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. “ನೀವು ನಿಂತದ್ದೇ ಸೆಳವಿನ ಬಾಯಲ್ಲಿ” ಎಂದು ಅವರು ನಮ್ಮನ್ನು ಬೈದರು. ಬೈಸಿಕೊಳ್ಳಬೇಕಾದದ್ದೇ ಆಗಿತ್ತು.

ಅಲ್ಲಿಂದ ಬಂದ ಮೇಲೆ ಮಗ ಬಚ್ಚಲಲ್ಲಿ ತಲೆಯ ಮೇಲೆ ತಂಬಿಗೆ ನೀರು ಹಾಕಿದರೂ ಚೀರುತ್ತಿದ್ದ. ಮಳೆ ಬಂದರೆ ಮಂಚದ ಕೆಳಗೆ ಹೋಗುತ್ತಿದ್ದ. ಒಂದು ವರ್ಷ ಕಳೆದರೂ ಆ ಭಯ ಹೋಗಲಿಲ್ಲ. ಇನ್ನೊಮ್ಮೆ ಸಮುದ್ರಕ್ಕೇ ಹೋಗೋಣ, ಆದರೆ ಅವಸರವಿಲ್ಲದೆ ಹೋಗೋಣ ಎಂದವರು ನಮ್ಮ ಅತ್ತೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ, 1972ರ ಬರಗಾಲದಲ್ಲಿ ಹುಡುಗಿಯಾಗಿ ಖಡಿ ಒಡೆದವರು. ಸಮುದ್ರವನ್ನು ಸಿನಿಮಾದಲ್ಲಿ ಬಿಟ್ಟರೆ ಕಂಡವರಲ್ಲ.

ಮೊದಲು ಕಾಲ. ಮೇ ತಿಂಗಳು ಬೇಡವೇ ಬೇಡ. ಆ ತಿಂಗಳ ಕೊನೆಗೆ ಸಮುದ್ರ ಕೆರಳತೊಡಗುತ್ತದೆ. ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮಳೆಗಾಲದಲ್ಲಂತೂ ಆ ಕಡೆಯ ಗುಡ್ಡಗಳನ್ನೂ ನಂಬುವಂತಿಲ್ಲ. 2024ರ ಜುಲೈಯಲ್ಲಿ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಜನ ಸತ್ತದ್ದು ನಿಮಗೆ ನೆನಪಿರಬೇಕು.

ನಾವು ಆರಿಸಿದ್ದು 2023ರ ದೀಪಾವಳಿಯ ರಜೆ. ಗಡಿಯಲ್ಲಿರುವ ನಮಗೆ ಇದರಲ್ಲೊಂದು ಲಾಭವಿದೆ. ಮಹಾರಾಷ್ಟ್ರದ ಶಾಲೆಗಳಿಗೆ ದೊಡ್ಡ ರಜೆ ಬರುವುದು ದೀಪಾವಳಿಗೆ, ಕರ್ನಾಟಕದ ಶಾಲೆಗಳಿಗೆ ದಸರೆಗೆ. ಭಾವುಬೀಜ ಮುಗಿದ ಮೇಲೆ ನಾವು ಹೊರಟರೆ ಅಲ್ಲಿಯ ಮಕ್ಕಳು ಆಗಲೇ ಶಾಲೆಯಲ್ಲಿರುತ್ತಾರೆ. ಶನಿವಾರ ರವಿವಾರ ಬಿಟ್ಟರೆ ದಂಡೆ ಖಾಲಿ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ.

ಇನ್ನು ಇರುವ ಜಾಗ. ಹನ್ನೊಂದು ದಿನವೂ ಒಂದೇ ಊರು, ಒಂದೇ ಮನೆ ಎಂದು ಗಟ್ಟಿ ಮಾಡಿದೆವು. ಕಡಿಮೆ ಹಣದಲ್ಲಿ ಬಹಳ ದಿನ ಇರಬೇಕಾದರೆ ಇದೇ ಮುಖ್ಯ. ಊರು ಬದಲಾಯಿಸಿದ ದಿನವೇ ಹಣ ಹೋಗುತ್ತದೆ, ಮಕ್ಕಳೂ ಅಳುತ್ತವೆ. ಪರಿಚಯದ ಶಿಕ್ಷಕರೊಬ್ಬರ ಮೂಲಕ ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ಅಡುಗೆಮನೆ ಇರುವ ಒಂದು ಕೋಣೆ ಸಿಕ್ಕಿತು. ದಿನಕ್ಕೆ 600 ರೂಪಾಯಿ. ಫೋನಿನಲ್ಲಿ ನೀವು ಕೇಳಬೇಕಾದದ್ದು ಕೋಣೆಯ ಚಂದವನ್ನಲ್ಲ. ಬಾವಿಗೆ ಕಟ್ಟೆ ಇದೆಯೇ, ಕುಡಿಯುವ ನೀರು ಉಪ್ಪೋ ಸಿಹಿಯೋ, ಕಿಟಕಿಗೆ ಸೊಳ್ಳೆಯ ಜಾಳಿಗೆ ಇದೆಯೇ, ಹತ್ತಿರದಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ಇದೆಯೇ, ಇವನ್ನು ಕೇಳಿ. ಮುಂಗಡವಾಗಿ ಎರಡು ದಿನದ ಬಾಡಿಗೆಯನ್ನಷ್ಟೇ ಕೊಡಿ. ಹೋಗಿ ನೋಡಿ, ಮನಸ್ಸಿಗೆ ಬಂದರೆ ಉಳಿದದ್ದನ್ನು ಚೌಕಾಶಿ ಮಾಡಿ.

ಪ್ರಯಾಣಕ್ಕೆ ರೈಲು ಮತ್ತು ಬಸ್ಸು. ಸೊಲ್ಲಾಪುರದಿಂದ ವಿಜಯಪುರ, ಬಾಗಲಕೋಟೆ, ಗದಗ ಮೇಲೆ ಹುಬ್ಬಳ್ಳಿಯವರೆಗೆ ರೈಲು. ಅಲ್ಲಿಂದ ಅಂಕೋಲೆಗೆ ರೈಲುಮಾರ್ಗ ಹಾಕುವ ಮಾತು ದಶಕಗಳಿಂದ ನಡೆದಿದೆ, ಆಗಿಲ್ಲ. ಆದ್ದರಿಂದ ಮುಂದೆ ಬಸ್ಸೇ. ಮಕ್ಕಳ ಟಿಕೇಟಿನ ಲೆಕ್ಕ ಸ್ವಲ್ಪ ತಿಳಿದಿರಲಿ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೇಟಿಲ್ಲ. ಐದು ತುಂಬಿದ ಮೇಲೆ ಹನ್ನೆರಡರವರೆಗೆ ಅರ್ಧ. ಆದರೆ ಪ್ರತ್ಯೇಕ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ಹಣ. ಕರ್ನಾಟಕದ ಸಾರಿಗೆ ಬಸ್ಸಿನಲ್ಲಿ ಆರು ವರ್ಷದವರೆಗೆ ಪುಕ್ಕಟೆ. ಹೀಗಾಗಿ ಐದು ತುಂಬಿದ ನಮ್ಮ ಮಗ ರೈಲಿನಲ್ಲಿ ಅರ್ಧ ಟಿಕೇಟಿನ ಗಿರಾಕಿ, ಬಸ್ಸಿನಲ್ಲಿ ಕೂಸು.

ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದಾಗ ಅಕ್ಕಪಕ್ಕದ ಹೆಂಗಸರೆಲ್ಲ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಪಡೆದರು. 2023ರ ಜೂನಿನಲ್ಲಿ ಆರಂಭವಾದ ಆ ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ನಮ್ಮ ಕಾರ್ಡಿನಲ್ಲಿ ಸೊಲ್ಲಾಪುರದ ವಿಳಾಸ. “ಕನ್ನಡ ಮಾತಾಡಿದ್ರ ಸಾಲೂದಿಲ್ಲೇನಪಾ?” ಎಂದು ಅತ್ತೆ ಕೇಳಿದರು. ಕಂಡಕ್ಟರರೂ ನಕ್ಕರು, ಬಸ್ಸಿಗೆ ಬಸ್ಸೇ ನಕ್ಕಿತು. ಟಿಕೇಟು ಮಾತ್ರ ತೆಗೆಸಲೇಬೇಕಾಯಿತು. ನೀವೂ ಲೆಕ್ಕ ಹಾಕುವಾಗ ಅದನ್ನು ಹಿಡಿದುಕೊಳ್ಳಿ.

ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟದ ತಿರುವುಗಳು. ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಿ ಹತ್ತಿಸಬೇಡಿ. ಒಣ ಚುರುಮುರಿ ಸಾಕು. ಬಸ್ಸಿನ ಮುಂದಿನ ಕಡೆ ಕುಳಿತುಕೊಳ್ಳಿ, ಎರಡು ಚೀಲಗಳು ಕೈಯಲ್ಲೇ ಇರಲಿ.

ಏನು ಒಯ್ಯಬೇಕು? ನಮ್ಮೂರ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಐದು ಕಿಲೋ ಜೋಳದ ಹಿಟ್ಟು, ತೊಗರಿಬೇಳೆ ಒಯ್ದೆವು. ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿದರೆ ಅಲ್ಲಿಯ ತೇವಕ್ಕೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬಿ ಬೇಕು. ಇನ್ನೊಂದು ಮಾತನ್ನು ಸೊಲ್ಲಾಪುರದವಳಾಗಿ ಹೇಳಲು ಸಂಕೋಚವಾಗುತ್ತದೆ. ನಮ್ಮ ಯಜಮಾನರು ಲೆಕ್ಕ ಬರೆಯುವುದೂ ಟವೆಲ್ ಕಾರಖಾನೆಯಲ್ಲೇ. ಆದರೂ ನಮ್ಮ ದಪ್ಪ ಟವೆಲುಗಳನ್ನು ಮನೆಯಲ್ಲೇ ಬಿಟ್ಟುಹೋಗಿ. ಆ ಗಾಳಿಯಲ್ಲಿ ಅವು ಒಣಗುವುದೇ ಇಲ್ಲ. ಹಳೆಯ ತೆಳು ಪಂಚೆಗಳೇ ಸಾಕು. ಕಾಯಿಪಲ್ಲೆಗೆ ಚಿಂತೆಯಿಲ್ಲ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಅಂಕೋಲೆಯ ಪೇಟೆಗೆ ಹೊಸ ಸೊಪ್ಪು, ಬದನೆ ತರುತ್ತಾರೆ. ಎರಡು ದಿನಕ್ಕೊಮ್ಮೆ ಪೇಟೆಗೆ ಹೋಗುವುದೇ ಮಕ್ಕಳಿಗೊಂದು ಸಂಭ್ರಮವಾಯಿತು.

ಈಗ ಸಮುದ್ರದ ವಿಚಾರ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮ ಹಾಗೆ ಒಳನಾಡಿನ ಮಕ್ಕಳು. ದಂಡೆಗೆ ಬಂದ ನೀರೆಲ್ಲ ಮರಳಿ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ. ಮರಳಿನಲ್ಲಿ ತಗ್ಗು ಇದ್ದಲ್ಲಿ ಕಾಲುವೆಯಂತೆ ಕೂಡಿ ಒಳಕ್ಕೆ ಓಡುತ್ತದೆ. ಆ ಕಾಲುವೆಯಲ್ಲಿ ಆಳ ಹೆಚ್ಚು. ಆದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಮೇಲೆ ಶಾಂತವಾಗಿ ಕಾಣುತ್ತದೆ. ನಾವು ಹಿಂದೆ ಮೋಸಹೋದದ್ದು ಅದಕ್ಕೇ. ನೊರೆ ಒಳಕ್ಕೆ ತೇಲಿಹೋಗುತ್ತಿದ್ದರೆ, ನೀರು ರಾಡಿಯಾಗಿದ್ದರೆ ಅದು ಸೆಳವು ಎಂದು ತಿಳಿಯಿರಿ. ಸಿಕ್ಕಿಬಿದ್ದರೆ ದಂಡೆಯ ಕಡೆಗೆ ನೇರವಾಗಿ ಈಸಿ ದಣಿಯಬಾರದು. ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ಹೊರಗೆ ಬರಬೇಕು, ಕೈ ಎತ್ತಿ ಕೂಗಬೇಕು. ಅಳಿವೆಯ ಬಾಯಲ್ಲಂತೂ ಇಳಿಯಲೇಬಾರದು.

ಭರತಿ ಇಳಿತದ ಲೆಕ್ಕಕ್ಕೆ ನಮ್ಮ ಪಂಚಾಂಗವೇ ಸಾಕು. ನಮ್ಮ ಸೊಲ್ಲಾಪುರದ ದಾತೆ ಪಂಚಾಂಗ ಮನೆಮನೆಯಲ್ಲಿ ಇದೆಯಲ್ಲ! ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಭರತಿಯ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಮೀನುಗಾರರನ್ನು ಕೇಳಿಕೊಂಡರೆ ಮುಂದಿನ ದಿನಗಳದ್ದು ನಿಮಗೇ ತಿಳಿಯುತ್ತದೆ. ಆದರೆ ಅಲೆಯ ಅಬ್ಬರವೇ ಬೇರೆ, ಭರತಿಯೇ ಬೇರೆ. ಅಷ್ಟಮಿಯ ದಿನವೂ ಅಲೆ ಜೋರಿದ್ದರೆ ಇಳಿಯಬೇಡಿ.

ನಮ್ಮ ನಿಯಮ ಹೀಗಿತ್ತು. ಮಗುವಿನ ಮೊಣಕಾಲು ದಾಟಿ ನೀರು ಬೇಡ. ದೊಡ್ಡವರು ಮಗುವಿನಿಂದಾಚೆ, ಸಮುದ್ರದ ಕಡೆಗೆ ಮುಖಮಾಡಿ ನಿಲ್ಲಬೇಕು. ಒಬ್ಬ ದೊಡ್ಡವರಿಗೆ ಒಂದೇ ಮಗು. ಫೋನು ಕೋಣೆಯಲ್ಲಿ. ಯಜಮಾನರಿಗೆ ರಜೆ ಸಿಕ್ಕಿದ್ದು ಐದೇ ದಿನ. ಮೂರು ದಿನ ಇದ್ದು ಹೋದರು, ಕೊನೆಯ ಎರಡು ದಿನಕ್ಕೆ ಮತ್ತೆ ಬಂದರು. ನಡುವಿನ ದಿನಗಳಲ್ಲಿ ಒಬ್ಬರು ಮಕ್ಕಳು ನೀರಿಗಿಳಿದರೆ ಇನ್ನೊಬ್ಬರು ಅಜ್ಜಿಯ ಹತ್ತಿರ ದಂಡೆಯಲ್ಲಿ.

ಅತ್ತೆ ಮೊದಲ ದಿನ ಸಮುದ್ರ ಕಂಡು ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ, “ಇಷ್ಟ್ ನೀರ್ ಇಲ್ಲಿ ಇಟ್ಟಾನ, ನಮ್ ಕಡಿ ಒಂದ್ ಹರವಿ ಕಳಸಾಕ ಏನಾಗಿತ್ತ ಇವಗ?” ಎಂದರು. ದೇವರನ್ನು ಅವರು ಬೈಯುವುದೇ ಹಾಗೆ.

ಮಗ ಮೊದಲ ಮೂರು ದಿನ ಒಣ ಮರಳು ಬಿಟ್ಟು ಕದಲಲಿಲ್ಲ. ನಾವೂ ಕರೆಯಲಿಲ್ಲ. ದಿನವೂ ಅದೇ ದಂಡೆ, ಅದೇ ದೋಣಿ, ಅದೇ ನಾಯಿ. ನಾಲ್ಕನೆಯ ದಿನ ಹಸಿ ಮರಳಿಗೆ ಬಂದು ಗುಂಡಿ ತೋಡಿದ. ಗುಂಡಿಯಲ್ಲಿ ತಾನಾಗಿಯೇ ನೀರು ಬಂತು. ಅದರಲ್ಲಿ ಕೈ ಅದ್ದಿದ. ನಡುವೆ ಒಂದು ದಿನ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ, ರವೀಂದ್ರನಾಥ ಠಾಗೋರರ ಹೆಸರಿನ ಆ ದಂಡೆಯಲ್ಲಿ ನಿಲ್ಲಿಸಿರುವ ಯುದ್ಧನೌಕೆ ನೋಡಿ ಬಂದೆವು. ನಾವು ಮಾಡಿದ ತಿರುಗಾಟ ಅಷ್ಟೇ. ಎಂಟನೆಯ ದಿನ ಬೆಳಿಗ್ಗೆ ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದರು. ಅವನು ಹೋಗಿ ಅವರ ಕೈ ಹಿಡಿದ. ಒಂದು ಅಲೆ ಬಂದು ಇಬ್ಬರ ಕಾಲನ್ನೂ ತೊಳೆದು ಹೋಯಿತು. ಅವನು ಅಳಲಿಲ್ಲ. “ಅಜ್ಜಿ, ಹೆದರಬ್ಯಾಡ, ನಾ ಹಿಡದೀನಿ” ಎಂದ. ನಾನು ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. ಅದು ಸೀದುಹೋಯಿತು.

ಹನ್ನೊಂದು ದಿನಕ್ಕೆ ಕೋಣೆ, ಪ್ರಯಾಣ, ಅಡುಗೆ, ತಿರುಗಾಟ ಎಲ್ಲ ಸೇರಿ 18 ಸಾವಿರದೊಳಗೆ ಆಯಿತು. ಡಾಕ್ಟರ ಖರ್ಚಿಗೆಂದು ಬೇರೆ ತೆಗೆದಿಟ್ಟಿದ್ದ ಒಂದೂವರೆ ಸಾವಿರ ಹಾಗೇ ಉಳಿಯಿತು. ಇಡೀ ಹಣ ಬಂದದ್ದು ನಮ್ಮ ಓಣಿಯ ಹೆಣ್ಣುಮಕ್ಕಳ ಭಿಶಿಯಿಂದ. ಈ ವರ್ಷ ಚೀಟಿ ಎತ್ತಿದಾಗ ನನ್ನ ಸರದಿ ಮತ್ತೆ ದೀಪಾವಳಿಯ ತಿಂಗಳಿಗೇ ಬಿದ್ದಿದೆ. ಪಕ್ಕದ ಮನೆಯ ಅಕ್ಕ ತಮ್ಮ ಇಬ್ಬರು ಮಕ್ಕಳೊಂದಿಗೆ ತಾವೂ ಬರುತ್ತೇವೆ ಎಂದಿದ್ದಾರೆ. ಒಂದೇ ಅಡುಗೆಮನೆ, ಎರಡು ಕೋಣೆ ಇರುವ ಮನೆ ಬೇಕೆಂದು ಅಂಕೋಲೆಗೆ ಫೋನು ಮಾಡಿದ್ದೇನೆ.