ಅಲೆ ದಾಟುವಾಗ ಕಾಲಿಗೆ ಬಿಡುವು

ಇವತ್ತಿನ ಮಾತು ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ. ಬೇಸಿಗೆ ಬಂತೆಂದರೆ ನಿಮ್ಮಲ್ಲಿ ಹಲವರು ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಸ್ಯಾನ್ ಡಿಯೇಗೊದ ಲಾ ಹೋಯಾ ಶೋರ್ಸ್ ಕಡಲತೀರಕ್ಕೆ ಹೊರಡುತ್ತೀರಿ. ಈಗಂತೂ ಪೆಡಲ್ ಕಯಾಕ್‌ಗಳ ಕಾಲ. ಸೈಕಲ್ ತುಳಿದ ಹಾಗೆ ತುಳಿದರೆ ದೋಣಿ ಓಡುತ್ತದೆ, ಎರಡೂ ಕೈ ಖಾಲಿ. ನಲವತ್ತು ದಾಟಿದ ಮೇಲೆ ನಾನೂ ಇದನ್ನು ಕಲಿತೆ. ಹಾಗಾಗಿ ಬೇಡ ಎನ್ನಲು ಬಂದಿಲ್ಲ. ದಡದ ಪಕ್ಕದಲ್ಲಿ ಅಲೆ ಒಡೆಯುವ ಆ ಸಣ್ಣ ಪಟ್ಟಿ ಇದೆಯಲ್ಲ, ಅದನ್ನು ದಾಟುವ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಪೆಡಲ್ ಇರುವುದು ಆಳದ ನೀರಿಗೆ. ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್ ಡ್ರೈವ್‌ನಲ್ಲಿ ದೋಣಿಯ ಅಡಿಗೆ ಎರಡು ರೆಕ್ಕೆಗಳಿವೆ. ಪೆಂಗ್ವಿನ್ ಈಜುವ ಹಾಗೆ ಅವು ನೀರನ್ನು ಬಡಿಯುತ್ತವೆ. ಬೇರೆ ಕೆಲವು ಕಯಾಕ್‌ಗಳಲ್ಲಿ ಪ್ರೊಪೆಲ್ಲರ್ ಇರುತ್ತದೆ. ಯಾವುದಾದರೂ ತಳದಿಂದ ಸಾಕಷ್ಟು ಕೆಳಗೆ ಇಳಿದಿರುತ್ತದೆ. 3 ಅಡಿ ಎತ್ತರದ ಅಲೆ ಸುಮಾರು 4 ಅಡಿ ನೀರಿನಲ್ಲಿ ಒಡೆಯುತ್ತದೆ. ಅಲ್ಲಿಂದ ದಡದವರೆಗೂ ಆಳ ಕಡಿಮೆಯಾಗುತ್ತಲೇ ಹೋಗುತ್ತದೆ. ಅಲ್ಲಿ ರೆಕ್ಕೆ ಮರಳಿಗೆ ಸಿಕ್ಕಿಕೊಂಡರೆ ಮುರಿಯಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ದೋಣಿ ಗಕ್ಕನೆ ನಿಲ್ಲುತ್ತದೆ, ಹಿಂದಿನಿಂದ ಬಂದ ಅಲೆ ಅದನ್ನು ಮಗುಚಿ ಹಾಕುತ್ತದೆ. ಆದ್ದರಿಂದ ಅಲೆ ದಾಟುವಾಗ ಕಾಲಿಗೆ ಬಿಡುವು, ಕೈಗೆ ಕೆಲಸ.

ಕೈಗೆ ಕೆಲಸ ಎಂದರೆ ಹುಟ್ಟು ಹಾಕುವುದು. ಹುಟ್ಟು ಎಂದೊಡನೆ ನಿಮಗೆ ನೆನಪಾಗುವುದು ಹುಟ್ಟುಹಬ್ಬ. ನೀವು ಪ್ಯಾಡಲ್ ಎನ್ನುವ ಸಾಧನಕ್ಕೂ ಕನ್ನಡದಲ್ಲಿ ಹುಟ್ಟು ಎಂದೇ ಹೆಸರು. ಪೆಡಲ್ ಇದೆಯಲ್ಲ ಎಂದು ಹುಟ್ಟನ್ನು ಕಾರಿನಲ್ಲೇ ಬಿಟ್ಟು ಹೋಗಬೇಡಿ.

ತೀರಕ್ಕೆ ಬಂದ ಕೂಡಲೇ ನೀರಿಗೆ ಇಳಿಯಬೇಡಿ. 15 ನಿಮಿಷ ಸುಮ್ಮನೆ ನಿಂತು ನೋಡಿ. ತೆರೆ ನಿಂತ ಮೇಲೆ ಸಮುದ್ರಸ್ನಾನ ಮಾಡುತ್ತೇನೆ ಎಂದವನನ್ನು ನಮ್ಮವರು ಗೇಲಿ ಮಾಡುತ್ತಾರೆ. ತೆರೆ ನಿಲ್ಲುವುದಿಲ್ಲ, ನಿಜ. ಆದರೆ ತಗ್ಗುತ್ತದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಆ ಬಿಡುವೇ ನಿಮ್ಮ ದಾರಿ. ಬಿಡುವು ನೋಡಿ ಅಳತೆ ಮಾಡಬೇಡಿ, ಅತಿ ದೊಡ್ಡ ಅಲೆ ನೋಡಿ ಅಳತೆ ಮಾಡಿ. ಅದು ನಿಮ್ಮ ಸೊಂಟಕ್ಕಿಂತ ಎತ್ತರ ಒಡೆಯುತ್ತಿದ್ದರೆ, ಹೊಸಬರಾದ ನೀವು ಅವತ್ತು ಮಿಷನ್ ಬೇಗೆ ಹೋಗಿ. ಅಲ್ಲಿ ನೀರು ಶಾಂತ. ಲಾ ಹೋಯಾ ಶೋರ್ಸ್‌ನಲ್ಲೂ ದಕ್ಷಿಣದ ತುದಿಯಲ್ಲಿ ಅಲೆ ಸಾಮಾನ್ಯವಾಗಿ ಸಣ್ಣದು. ಅನುಮಾನವಿದ್ದರೆ ಲೈಫ್‌ಗಾರ್ಡ್‌ಗಳನ್ನು ಕೇಳಿ, ನಾಚಿಕೆ ಬೇಡ.

ಇನ್ನು ತಯಾರಿ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಹಿಂದೆ ಅಲ್ಲ. ಗಾಳ, ಫೋನು, ನೀರಿನ ಬಾಟಲಿ ಎಲ್ಲವನ್ನೂ ಕಟ್ಟಿ ಅಥವಾ ಒಳಗಿಡಿ. ಮುಚ್ಚಳಗಳು ಭದ್ರವಾಗಿರಲಿ. ಚುಕ್ಕಾಣಿ ಮೇಲೆತ್ತಿ. ರೆಕ್ಕೆಯ ಡ್ರೈವ್ ಆದರೆ ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ತಳ್ಳಿ, ರೆಕ್ಕೆಗಳು ತಳಕ್ಕೆ ಅಂಟಿಕೊಳ್ಳುತ್ತವೆ. ಪ್ರೊಪೆಲ್ಲರ್ ಆದರೆ ಮೇಲೆತ್ತಿ ಕಟ್ಟಿ. ನೀರಿನಲ್ಲಿ ಪಾದ ಎತ್ತಿ ಇಡದೆ ಮರಳ ಮೇಲೆ ಎಳೆದುಕೊಂಡು ನಡೆಯಿರಿ. ಅಲ್ಲಿ ಮರಳಿನಡಿ ಮುಳ್ಳುಬಾಲದ ತೊರಕೆ ಮೀನು ಮಲಗಿರುತ್ತದೆ. ಸದ್ದಾದರೆ ತಾನೇ ಸರಿದುಕೊಳ್ಳುತ್ತದೆ.

ದೋಣಿಯ ಮೂತಿ ನೇರ ಅಲೆಗೆ ಎದುರಾಗಿರಲಿ. ಮೊಣಕಾಲುದ್ದ ನೀರಿನವರೆಗೆ ಪಕ್ಕದಲ್ಲಿ ಹಿಡಿದು ನಡೆಯಿರಿ. ದೊಡ್ಡ ಗುಂಪಿನ ಕೊನೆಯ ಅಲೆ ಹೋದೊಡನೆ ಹತ್ತಿ ಕೂತು ಜೋರಾಗಿ ಹುಟ್ಟು ಹಾಕಿ. ಅಲೆ ಎದುರಾದರೆ ಮುಂದಕ್ಕೆ ಬಾಗಿ, ಕೈ ನಿಲ್ಲಿಸಬೇಡಿ. ಹೆದರಿ ನಿಂತ ದೋಣಿಯನ್ನೇ ಅಲೆ ಹಿಂದಕ್ಕೆ ಎಸೆಯುವುದು. ನೊರೆಯ ಗೆರೆ ದಾಟಿದ ಮೇಲೆ ಪೆಡಲ್ ತುಳಿಯಿರಿ, ಚುಕ್ಕಾಣಿ ಇಳಿಸಿ.

ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಕಡಲಿನಲ್ಲಿ ಕಷ್ಟ ಇರುವುದು ಆ ‘ಬರ್ತೀನಿ’ಯಲ್ಲಿ. ಹೋಗುವಾಗ ಅಲೆ ಕಣ್ಣೆದುರಿಗೆ ಇರುತ್ತದೆ, ಬರುವಾಗ ಬೆನ್ನ ಹಿಂದೆ. ಜೊತೆಗೆ ಮೈ ದಣಿದಿರುತ್ತದೆ. ನಮ್ಮ ಕರಾವಳಿಯಲ್ಲಿ ನದಿ ಕಡಲು ಸೇರುವ ಅಳಿವೆಯನ್ನು ದಾಟುವ ಮೀನುಗಾರರಿಗೂ ಇದು ಗೊತ್ತು. ಮನೆ ಕಣ್ಣಿಗೆ ಕಾಣುತ್ತಿದ್ದರೂ ಅವರು ಹೊರಗೆ ನಿಂತು ಅಲೆ ನೋಡಿಯೇ ಒಳಗೆ ಬರುತ್ತಾರೆ.

ನೀವೂ ಹಾಗೆ ಹೊರಗೇ ನಿಲ್ಲಿ. ರೆಕ್ಕೆ ಮಡಚಿ, ಚುಕ್ಕಾಣಿ ಎತ್ತಿ, ಸಾಮಾನು ಮತ್ತೊಮ್ಮೆ ಕಟ್ಟಿ. ದೊಡ್ಡವು ಹೋಗಲಿ. ಕೊನೆಯ ಅಲೆಯ ಬೆನ್ನ ಹಿಂದೆಯೇ ಬನ್ನಿ, ಅದರ ಮುಂದೆ ಬೇಡ. ಹಿಂದಿನಿಂದ ಇನ್ನೊಂದು ಬಂದರೆ ಹಿಮ್ಮುಖವಾಗಿ ಹುಟ್ಟು ಹಾಕಿ, ಅದು ಕೆಳಗಿನಿಂದ ಜಾರಿ ಹೋಗಲಿ. ಮೂತಿ ನೀರಿಗೆ ಹೂತುಕೊಳ್ಳುವಂತಿದ್ದರೆ ಹಿಂದಕ್ಕೆ ಒರಗಿ. ದೋಣಿ ಅಡ್ಡ ತಿರುಗಿದರೆ ಅಲೆಯ ಕಡೆಗೇ ಬಾಗಿ, ಹುಟ್ಟನ್ನು ಅಲೆಯ ಮೇಲೆ ಊರಿ. ದಡದ ಕಡೆಗೆ ಬಾಗಿದಿರೋ, ಮಗುಚಿಕೊಳ್ಳುತ್ತೀರಿ.

ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ದೋಣಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬೇಡಿ. ಕಯಾಕ್ ತೂಕ 40 ಕಿಲೊ ಎಂದುಕೊಳ್ಳಿ. ಒಳಗೆ 100 ಲೀಟರ್ ನೀರು ತುಂಬಿದರೆ 140 ಕಿಲೊ. ಅಲೆ ಅದನ್ನು ಎತ್ತಿ ನಿಮ್ಮ ಮೊಣಕಾಲಿಗೆ ಬಡಿದರೆ, ಯಾವ ಜಿಮ್ಮಿನ ಕಾಲೂ ತಡೆಯಲಾರದು. ಇಳಿದರೆ ಸಮುದ್ರದ ಕಡೆ ಇಳಿಯಿರಿ, ಬಿದ್ದರೂ ಆ ಕಡೆಗೇ ಬೀಳಿ, ತಲೆಗೆ ಕೈ ಅಡ್ಡ ಹಿಡಿಯಿರಿ. ದೋಣಿ ಕೈತಪ್ಪಿದರೆ ಹೋಗಲಿ ಬಿಡಿ. ಅಲೆ ಅದನ್ನು ದಡಕ್ಕೆ ತಂದೇ ಹಾಕುತ್ತದೆ.

ಮೊದಲ ಸಲ ಗಾಳ, ಕ್ಯಾಮೆರಾ ಏನೂ ಬೇಡ. ಸಣ್ಣ ಅಲೆಯ ದಿನ ಬರಿ ದೋಣಿಯಲ್ಲಿ ಹತ್ತು ಸಲ ಹೋಗಿ, ಹತ್ತು ಸಲ ಬನ್ನಿ. ಬೇಕೆಂದೇ ಮಗುಚಿ, ಮತ್ತೆ ಹತ್ತುವುದನ್ನು ಕಲಿಯಿರಿ. ಒಬ್ಬರೇ ಹೋಗಬೇಡಿ. ಎಷ್ಟು ಹೊತ್ತಿಗೆ ಬರುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ, ದಡ ಸೇರಿದ ತಕ್ಷಣ ಅಮ್ಮನಿಗೊಂದು ಮೆಸೇಜ್ ಹಾಕಿ.