ತುಂಬಿದ ಸಭೆಯ ಚಿತ್ರ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಸದನದ ವರದಿಗಾರಿಕೆ ಬಗ್ಗೆ ಮಾತನಾಡಲು ಕರೆದರೆ ಚಿತ್ರಕಲೆಯ ವಿಷಯ ತೆಗೆಯುತ್ತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರಲಿ. ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಒಂದು ಭಾರಿ ತೈಲಚಿತ್ರವಿದೆ. ಎತ್ತರ 11 ಅಡಿಗೂ ಹೆಚ್ಚು, ಅಗಲ 17 ಅಡಿಗೂ ಹೆಚ್ಚು. ಹೆಸರು ‘ಹೌಸ್ ಆಫ್ ಕಾಮನ್ಸ್, 1833’. ಬರೆದವರು ಜಾರ್ಜ್ ಹೇಟರ್. 1833ರ ಫೆಬ್ರವರಿ 5ರಂದು ಬ್ರಿಟನ್ನಿನ ಕೆಳಮನೆ ಸೇರಿ, ದೊರೆಗೆ ಸಲ್ಲಿಸುವ ವಂದನಾ ನಿರ್ಣಯವನ್ನು ಎತ್ತಿಕೊಂಡ ಸಂದರ್ಭ ಅದರಲ್ಲಿದೆ. ಎಲ್ಲಿ ನೋಡಿದರೂ ಮುಖಗಳೇ. ಸುಮಾರು 375 ಸದಸ್ಯರನ್ನು ಹೇಟರ್ ಅದರಲ್ಲಿ ಕೂರಿಸಿದ್ದಾರೆ. ಸದಸ್ಯರ ಮುಖಗಳನ್ನು ಒಂದೊಂದಾಗಿ ಎಣ್ಣೆಬಣ್ಣದಲ್ಲಿ ಮೊದಲು ಬರೆದಿಟ್ಟುಕೊಂಡು, ಆಮೇಲೆ ದೊಡ್ಡ ಚಿತ್ರಕ್ಕೆ ಇಳಿಸಿದ್ದಾರೆ.

ಆ ದಿನಕ್ಕೆ ಅಷ್ಟೊಂದು ಮಹತ್ವ ಏಕೆ? ಹಿಂದಿನ ವರ್ಷ, ಅಂದರೆ 1832ರಲ್ಲಿ, ಚುನಾವಣಾ ಸುಧಾರಣಾ ಕಾಯ್ದೆ ಬಂದಿತ್ತು. ಅಲ್ಲಿಯವರೆಗೆ ಜನವಸತಿಯೇ ಇಲ್ಲದ ಓಲ್ಡ್ ಸೇರಂ ಎಂಬ ದಿಬ್ಬಕ್ಕೆ ಇಬ್ಬರು ಪ್ರತಿನಿಧಿಗಳಿದ್ದರು. ಮ್ಯಾಂಚೆಸ್ಟರಿನಂಥ ಗಿರಣಿ ನಗರಕ್ಕೆ ತನ್ನದೇ ಆದ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಹೊಸ ಕಾಯ್ದೆ ಇದನ್ನು ಸರಿಪಡಿಸಿತು. ಹಾಗೆಂದು ಎಲ್ಲರಿಗೂ ಮತ ಸಿಕ್ಕಿತು ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಸುಮಾರು ಐವರು ವಯಸ್ಕ ಗಂಡಸರಲ್ಲಿ ಒಬ್ಬನಿಗೆ ಸಿಕ್ಕಿತು, ಅಷ್ಟೆ. ಮತದಾರ ಗಂಡಸೇ ಆಗಿರಬೇಕೆಂದು ಕಾಯ್ದೆಯಲ್ಲೇ ಬರೆಯಲಾಯಿತು. ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಸುಧಾರಣೆಯ ನಂತರದ ಮೊದಲ ಸದನದ ನೆನಪು ಉಳಿಯಲಿ ಎಂದು ಹೇಟರ್ ಕುಂಚ ಹಿಡಿದರು. ಯಾರೂ ಬರೆದುಕೊಡಿ ಎಂದು ಕೇಳಿರಲಿಲ್ಲ, ಮುಂಗಡ ಕೊಟ್ಟಿರಲಿಲ್ಲ. ಮುಗಿಸಲು ಹತ್ತು ವರ್ಷ ಹಿಡಿಯಿತು, ಮಾರಾಟವಾಗಲು ಮತ್ತೆ ಹದಿನೈದು. ಸುಧಾರಣೆಯನ್ನು ತಂದದ್ದು ವಿಗ್ ಪಕ್ಷ. ಚಿತ್ರವನ್ನು 1858ರಲ್ಲಿ ಕೊಂಡುಕೊಂಡದ್ದು ಅದನ್ನು ವಿರೋಧಿಸಿದ್ದ ಟೋರಿಗಳ ಸರ್ಕಾರ!

ಈಗ ಚಿತ್ರವನ್ನು ವರದಿಗಾರನ ಕಣ್ಣಿನಿಂದ ನೋಡೋಣ. ಮುಂಭಾಗದ ಎಡಕ್ಕೆ ಪ್ರಧಾನಿ ಅರ್ಲ್ ಗ್ರೇ ಮತ್ತು ಮೆಲ್ಬರ್ನ್ ಇದ್ದಾರೆ, ಬಲಕ್ಕೆ ವೆಲಿಂಗ್ಟನ್. ಇವರು ಯಾರೂ ಕೆಳಮನೆಯ ಸದಸ್ಯರಲ್ಲ, ಮೇಲ್ಮನೆಯವರು. ಚಿತ್ರಕ್ಕೆ ಘನತೆ ಬರಲಿ ಎಂದು ಕಲಾವಿದ ಅವರನ್ನು ಮುಂದೆ ತಂದು ನಿಲ್ಲಿಸಿದ್ದಾರೆ. ಇನ್ನು ಸದಸ್ಯರ ಸಂಖ್ಯೆ. ಕೆಳಮನೆಯಲ್ಲಿ ಆಗ 658 ಸದಸ್ಯರು. ಅವರೆಲ್ಲರಿಗೂ ಕೂರುವಷ್ಟು ಜಾಗ ಸೇಂಟ್ ಸ್ಟೀಫನ್ಸ್ ಚಾಪೆಲ್ ಎಂಬ ಆ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಇರಲೇ ಇಲ್ಲ. ಅಂದರೆ ಇದು ಕಂಡದ್ದನ್ನು ಕಂಡಂತೆ ಬರೆದ ಚಿತ್ರವಲ್ಲ, ಜೋಡಿಸಿದ ಚಿತ್ರ. 1834ರ ಅಕ್ಟೋಬರ್ 16ರ ಬೆಂಕಿಯಲ್ಲಿ ಆ ಸಭಾಂಗಣವೇ ಸುಟ್ಟುಹೋಯಿತು. ಹೇಟರ್ ಇನ್ನೂ ಅರ್ಧ ದಾರಿಯಲ್ಲೂ ಇರಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಮುಂದಿದೆ. ಅದೇ ವರ್ಷ ಅದೇ ಸಭಾಂಗಣದಲ್ಲಿ ನಮ್ಮ ಹಣೆಬರಹವೂ ಚರ್ಚೆಗೆ ಬಂತು. ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ಮತ್ತೆ ಇಪ್ಪತ್ತು ವರ್ಷಕ್ಕೆ ಮುಂದುವರಿಸುವ ಮಸೂದೆ ಅದು. ಕಂಪನಿಯ ವ್ಯಾಪಾರವನ್ನು ನಿಲ್ಲಿಸಿ, ಆಳ್ವಿಕೆಯನ್ನು ಮಾತ್ರ ಅದರ ಕೈಯಲ್ಲೇ ಉಳಿಸಿದ್ದು, ಬಂಗಾಳದ ಗವರ್ನರ್ ಜನರಲ್‌ನನ್ನು ಇಡೀ ಭಾರತದ ಗವರ್ನರ್ ಜನರಲ್ ಮಾಡಿದ್ದು ಆ ಕಾಯ್ದೆಯೇ. ನಮ್ಮ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಕಂಪನಿ ಕಸಿದುಕೊಂಡು ಆಗಿನ್ನೂ ಎರಡು ವರ್ಷ.

1833ರ ಜುಲೈ 10ರಂದು ಆ ಮಸೂದೆಯ ಮೇಲೆ ಮಾತನಾಡಿದವರಲ್ಲಿ ಲೀಡ್ಸ್ ಕ್ಷೇತ್ರದ ಸದಸ್ಯ ಮೆಕಾಲೆಯೂ ಒಬ್ಬರು. ನಮ್ಮ ಇಂಗ್ಲಿಷ್ ಶಿಕ್ಷಣದ ಜೊತೆ ತಳಕು ಹಾಕಿಕೊಂಡಿರುವ ಅದೇ ಮೆಕಾಲೆ. ಅವರ ಭಾಷಣ ಅಚ್ಚಿನಲ್ಲಿ ಉಳಿದಿದೆ. ಅದರಲ್ಲಿ ಒಂದು ಅಳಲಿದೆ. ಹತ್ತು ಕೋಟಿ ಜನರನ್ನು ಆಳುವ ಕ್ರಮವನ್ನು ಸಚಿವರು ವಿವರಿಸಿದ ದಿನ, ಸುಂಕದ ರಸ್ತೆಯ ಮಸೂದೆಗೋ ರೈಲು ಮಾರ್ಗದ ಮಸೂದೆಗೋ ಸೇರುವಷ್ಟು ಸದಸ್ಯರೂ ಸೇರಿರಲಿಲ್ಲ ಎಂಬುದು ಅದರ ಸಾರ.

ಯೋಚಿಸಿ ನೋಡಿ. ಚಿತ್ರದಲ್ಲಿ ಕಾಲಿಡಲೂ ಜಾಗವಿಲ್ಲದ ಅದೇ ಬೆಂಚುಗಳು, ನಮ್ಮ ಸರದಿ ಬಂದಾಗ ಬಹುಪಾಲು ಖಾಲಿ! ಹತ್ತು ಕೋಟಿ ಜನರಲ್ಲಿ ಒಬ್ಬರಿಗೂ ಅಲ್ಲಿ ಮತವಿರಲಿಲ್ಲ. ಗೈರುಹಾಜರಾದರೆ ಕೇಳುವವರು ಯಾರು? ಮರುವರ್ಷ ಅದೇ ಮೆಕಾಲೆ ಗವರ್ನರ್ ಜನರಲ್ ಮಂಡಳಿಯ ಸದಸ್ಯರಾಗಿ ಮದರಾಸಿಗೆ ಬಂದಿಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಊಟಿಗೆ ಹೋದರು. ಮಾರ್ಗದುದ್ದಕ್ಕೂ ಅವರು ಕಂಡ ಜನರಿಗೆ ಆ ಖಾಲಿ ಬೆಂಚುಗಳ ಸುದ್ದಿ ತಿಳಿದಿರಲಾರದು.

ಆ ಹಳೆಯ ಸಭಾಂಗಣದಲ್ಲಿ ವರದಿಗಾರರಿಗೆ ಪ್ರತ್ಯೇಕ ಗ್ಯಾಲರಿ ಇರಲಿಲ್ಲ. ಸಾರ್ವಜನಿಕರ ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಕೂತು, ಮಂಡಿಯ ಮೇಲೆ ಕಾಗದವಿಟ್ಟು ಬರೆಯಬೇಕಿತ್ತು. ಆಗಿನ ವರದಿಗಾರರಲ್ಲಿ ಚಾರ್ಲ್ಸ್ ಡಿಕನ್ಸ್ ಎಂಬ ತರುಣನೂ ಇದ್ದ. ಆಗ ಅವನ ವಯಸ್ಸು ಹೆಚ್ಚು ಕಡಿಮೆ ನಿಮ್ಮದೇ, 21.

ಹೇಟರ್ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಸಂಭ್ರಮದ ದಿನವನ್ನು ಸಂಭ್ರಮದಿಂದಲೇ ಬರೆದಿದ್ದಾರೆ. ಆದರೆ ಖಾಲಿ ಸದನದ ಚಿತ್ರ ಬರೆಸಲು ಯಾವ ಕಾಲದಲ್ಲೂ ಯಾರೂ ಮುಂದೆ ಬರುವುದಿಲ್ಲ. ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ನಮ್ಮ ಲೋಕಸಭೆಯಲ್ಲಿ ಹತ್ತರಲ್ಲಿ ಒಂದು ಪಾಲು ಸದಸ್ಯರಿದ್ದರೆ ಕೋರಂ ಆಗುತ್ತದೆ. ನಾಳೆ ನೀವು ಗ್ಯಾಲರಿಯಲ್ಲಿ ಕೂತಾಗ ಯಾರು ಏನು ಮಾತನಾಡಿದರು ಎಂಬುದನ್ನು ಖಂಡಿತ ಬರೆದುಕೊಳ್ಳಿ. ಜೊತೆಗೆ ಒಮ್ಮೆ ತಲೆಯನ್ನೂ ಎಣಿಸಿ. ಯಾರ ವಿಷಯ ಬಂದಾಗ ಸದನ ತುಂಬಿತ್ತು, ಯಾರ ವಿಷಯಕ್ಕೆ ಎದ್ದು ಹೋದರು ಎಂಬುದೂ ಸುದ್ದಿಯೇ.