ದೊಡ್ಡವ್ವನ ಪಾಸ್‌ಬುಕ್ಕು ಯಾರ ಕೈಯಲ್ಲಿದೆ?

(ಗಬ್ಬೂರಿನಲ್ಲಿ ಸುತ್ತಲಿನ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹ ರೂಪ)

ಅಕ್ಕಂದಿರೇ, ತಂಗಿಯರೇ, ಹಿಂದೆ ಗೋಡೆಗೆ ಒರಗಿ ಕುಳಿತಿರುವ ಅವ್ವಂದಿರೇ,

ನನ್ನನ್ನು ಇಲ್ಲಿಗೆ ಕರೆದದ್ದು ವರದಕ್ಷಿಣೆಯ ಬಗ್ಗೆ ಮಾತಾಡಲಿಕ್ಕೆ. ಮಾತಾಡುತ್ತೇನೆ. ಆದರೆ ಇವತ್ತು ಮದುವೆಯ ಹಂದರದಿಂದ ಸುರು ಮಾಡುವುದಿಲ್ಲ. ವರದಕ್ಷಿಣೆ ಕೊಟ್ಟ ತಾಯಿ ಮೂವತ್ತು ವರ್ಷದ ಮೇಲೆ ಎಲ್ಲಿ ಹೋಗಿ ಕೂಡುತ್ತಾಳೆ ಎಂಬುದನ್ನು ಹೇಳುತ್ತೇನೆ.

ನನ್ನ ದೊಡ್ಡವ್ವನಿಗೆ ನಾಲ್ಕು ಎಕರೆ ಹೊಲವಿತ್ತು. ಗಂಡ ಸತ್ತ ಮೇಲೆ ಅವಳೇ ಹೆಸರಿನವಳು, ಅವಳೇ ದುಡಿದವಳು. ದೊಡ್ಡ ಮಗಳ ಲಗ್ನಕ್ಕೆ ಒಂದು ಎಕರೆ ಹೋಯಿತು. ಎರಡನೆಯವಳ ಲಗ್ನಕ್ಕೆ ಇನ್ನೊಂದು. ಬೀಗರು ಬಾಯಿಬಿಟ್ಟು ಕೇಳಲಿಲ್ಲ, "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಅಂದರು. ಆ ಮಾತಿನ ಬೆಲೆ ಎಷ್ಟೆಂದು ನಿಮಗೆಲ್ಲ ಗೊತ್ತು. ಉಳಿದ ಎರಡು ಎಕರೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಳು. ಪಹಣಿಯಲ್ಲಿ ಹೆಸರು ಬದಲಾದ ದಿನ ಊರಿಗೆಲ್ಲ ಸಕ್ಕರೆ ಹಂಚಿದಳು.

ಆ ಎರಡು ಎಕರೆಗೆ ಕಾಲುವೆ ನೀರು ಹತ್ತುವುದಿಲ್ಲ. ಮಗ ಸೊಸೆ ವರ್ಷಾ ವರ್ಷಾ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಗುಳೆ ಹೋದ ಊರಿನಲ್ಲಿ ಯಾರು ಉಳಿಯುತ್ತಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ವೃದ್ಧಾಶ್ರಮವೆಂದರೆ ಪಟ್ಟಣದ ಸಾಹುಕಾರರ ಮಾತು ಎಂದು ನಾನೂ ತಿಳಿದಿದ್ದೆ. ಒಂದು ಮಳೆಗಾಲ ದೊಡ್ಡವ್ವ ಬಚ್ಚಲದಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡಳು. ಮಗ, ದೊಡ್ಡ ಮಗಳು, ಊರಿನ ಒಬ್ಬ ಹಿರಿಯರು ಮತ್ತು ನಾನು, ನಾಲ್ಕು ಮಂದಿ ಕುಳಿತು ತೀರ್ಮಾನ ಮಾಡಿದೆವು. ಐದನೆಯವಳು ಪಕ್ಕದ ಹೊರಸಿನ ಮೇಲೆ ಮಲಗಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಆಶ್ರಮದಲ್ಲಿ ಒಂದು ಫಾರಂ ಇತ್ತು, ನಾಲ್ಕು ಪುಟ. "ಸಂಜೆ ಬಸ್ಸಿಗೆ ಹೊತ್ತಾಗ್ತದ" ಎಂದು ಮಗ ಅವಸರ ಮಾಡಿದ. ನಾನು ದೊಡ್ಡವ್ವನ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ ಕಾಗದದ ಮೇಲೆ ಒತ್ತಿದೆ. ಸಂಘದ ಸಭೆಗಳಲ್ಲಿ ಹದಿನೈದು ವರ್ಷದಿಂದ "ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬ್ಯಾಡ್ರಿ" ಎಂದು ಹೇಳಿಕೊಂಡು ತಿರುಗಿದವಳು ನಾನು. ಆ ನಾಲ್ಕು ಪುಟವನ್ನು ನಾನೂ ಓದಲಿಲ್ಲ, ಅವಳಿಗೂ ಓದಿ ಹೇಳಲಿಲ್ಲ.

ಐದು ತಿಂಗಳ ಮೇಲೆ ನೋಡಲು ಹೋದೆ. ಮೈ ಚೆನ್ನಾಗಿತ್ತು, ಕೋಲು ಹಿಡಿದು ನಡೆಯುತ್ತಿದ್ದಳು. ಊಟಕ್ಕೆ ಕೊರತೆ ಇರಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಗೇಟಿಗೆ ಹಗಲೂ ಬೀಗ. ಪಿಂಚಣಿಯ ಪಾಸ್‌ಬುಕ್ಕು ಆಫೀಸಿನ ಕಪಾಟಿನಲ್ಲಿ, ಎ.ಟಿ.ಎಂ. ಕಾರ್ಡೂ ಅಲ್ಲಿಯೇ. ಫೋನು ಬಂದರೆ ಮಾತಾಡಬಹುದು, ತಾನಾಗಿ ಮಾಡುವಂತಿಲ್ಲ. ಊರಿನ ಜಾತ್ರೆಗೆ ಎರಡು ದಿನ ಕರೆದುಕೊಂಡು ಹೋಗುತ್ತೇನೆ ಎಂದರೆ ಮ್ಯಾನೇಜರು, "ಸೇರಿಸಿದವರು ಮಗ, ಅವನ ಪತ್ರ ತರ್ರಿ" ಎಂದರು. ದೊಡ್ಡವ್ವ ನನ್ನ ಮುಖ ನೋಡಿ, "ನಾ ಏನು ಕಳುವು ಮಾಡೀನೇನವ್ವಾ?" ಎಂದಳು.

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ವಯಸ್ಸಾದವರು ರಸ್ತೆಗೆ ಹೋಗಿ ಬಿದ್ದಾರು ಎಂಬ ಅಂಜಿಕೆ ಅವರಿಗೆ. ಆದರೆ ನಮ್ಮ ಸೊಸೆಯಂದಿರನ್ನು ಕೋಣೆಯಲ್ಲಿ ಕೂಡಿಹಾಕಿದವರು ಕೂಡ ಇದನ್ನೇ ಹೇಳುತ್ತಿದ್ದರು, "ಆಕಿ ಒಳ್ಳೇದಕ್ಕs ಮಾಡೀವಿ" ಎಂದು. ಸೊಸೆಯ ವಿಷಯದಲ್ಲಿ ಅದನ್ನು ದೌರ್ಜನ್ಯ ಎಂದು ಗುರುತಿಸಲು ನಾವು ಕಲಿತಿದ್ದೇವೆ. ಅತ್ತೆಯ ವಿಷಯದಲ್ಲಿ ಇನ್ನೂ ಕಲಿತಿಲ್ಲ.

ಆ ಮೇಲೆ ನಾನು ಕಾನೂನು ತಿಳಿದವರನ್ನು ಕಂಡು ಕೇಳಿಕೊಂಡು ಬಂದೆ. ಅದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಬುದ್ಧಿ ಸರಿ ಇರುವ ಯಾವ ಹೆಂಗಸನ್ನೂ, ಅವಳಿಗೆ ಎಂಬತ್ತಾಗಿರಲಿ ತೊಂಬತ್ತಾಗಿರಲಿ, ಅವಳ ಇಚ್ಛೆಗೆ ವಿರುದ್ಧವಾಗಿ ಬೀಗ ಹಾಕಿ ಇಡುವ ಅಧಿಕಾರ ಮಗನಿಗೂ ಇಲ್ಲ, ಆಶ್ರಮಕ್ಕೂ ಇಲ್ಲ. ಅಕ್ರಮವಾಗಿ ಕೂಡಿಹಾಕುವುದು ಹಿಂದಿನ ದಂಡಸಂಹಿತೆಯಲ್ಲಿಯೂ ಅಪರಾಧವಾಗಿತ್ತು, 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 127ನೇ ಕಲಮಿನಲ್ಲಿ ಅಪರಾಧವೇ. ಫೀ ಕೊಡುವವನು ಮಗ ಎಂಬ ಕಾರಣಕ್ಕೆ ಅವನು ತಾಯಿಯ ಯಜಮಾನ ಆಗುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ಅವಳ ಹೆಸರಿಗೆ ಬರುವ ಹಣ, ಪಾಸ್‌ಬುಕ್ಕು ಅವಳದು. ಔಷಧಿ, ಆಪರೇಷನ್ ಎಂದರೆ ಅವಳಿಗೆ ತಿಳಿಸಿ ಅವಳ ಒಪ್ಪಿಗೆ ಪಡೆಯಬೇಕು. ಅವಳ ಓಟು ಅವಳದು. 2018ರ ಡಿಸೆಂಬರಿನಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಘನತೆಯಿಂದ ಬಾಳುವುದು, ತಲೆಯ ಮೇಲೆ ಸೂರು, ಆರೋಗ್ಯ, ಇವು ವೃದ್ಧರ ಹಕ್ಕುಗಳು ಎಂದು. ದಾನ ಎನ್ನಲಿಲ್ಲ.

ಈಗ 2007ರ ಕಾನೂನಿಗೆ ಬರೋಣ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾನೂನು. ತನ್ನ ದುಡಿಮೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾಗದ ತಾಯಿ, ಮಕ್ಕಳಿಂದ ಜೀವನಾಂಶ ಕೇಳಬಹುದು. ಅನ್ನ, ಬಟ್ಟೆ, ವಸತಿ, ಔಷಧಿ ಎಲ್ಲ ಅದರಲ್ಲಿ ಬರುತ್ತದೆ. ತಿಂಗಳಿಗೆ ಹತ್ತು ಸಾವಿರಕ್ಕೆ ಮೀರದಂತೆ ಎಂದು ಕಾನೂನಿನಲ್ಲಿದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳಿಗೆ, ಅಂದರೆ ನಾವು ಎ.ಸಿ. ಸಾಹೇಬರು ಎನ್ನುತ್ತೇವಲ್ಲ, ಅವರಿಗೆ. ತಾಯಿ ಈಗ ಇರುವ ಊರಿನಲ್ಲಿ ಕೊಡಬಹುದು, ಹಿಂದೆ ಇದ್ದ ಊರಿನಲ್ಲಿ ಕೊಡಬಹುದು, ಮಕ್ಕಳು ಇರುವ ಊರಿನಲ್ಲಿಯೂ ಕೊಡಬಹುದು. ಆಶ್ರಮದಲ್ಲಿ ಕುಳಿತವಳು ಗಬ್ಬೂರಿನ ತನಕ ಬರಬೇಕಾಗಿಲ್ಲ. ಅವಳಿಗೆ ಓಡಾಡಲಾಗದಿದ್ದರೆ ಅವಳು ಒಪ್ಪಿ ನೇಮಿಸಿದ ಯಾರಾದರೂ ಕೊಡಬಹುದು. ನಮ್ಮ ಸಂಘ ನೋಂದಣಿ ಆಗಿಲ್ಲವಲ್ಲ ಎಂದು ಹಿಂಜರಿಯಬೇಡಿ, ಸಂಘದ ಒಬ್ಬ ಸದಸ್ಯೆಗೆ ಅವಳು ಒಪ್ಪಿಗೆ ಬರೆದುಕೊಟ್ಟರೂ ಆಯಿತು. ಎದುರಿನವರಿಗೆ ನೋಟೀಸು ಮುಟ್ಟಿದ ತೊಂಬತ್ತು ದಿನಗಳಲ್ಲಿ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನು ಮೂವತ್ತು ದಿನ. ತೀರ್ಪಿಗೆ ಮೊದಲು ಸಂಧಾನಕ್ಕೂ ದಾರಿಯಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, "ಮಗನ ಮ್ಯಾಲೆ ಕೇಸ್ ಹಾಕಂತೀಯೇನು?" ಎಂದು ದೊಡ್ಡವ್ವ ನನ್ನ ಮೇಲೆ ಸಿಟ್ಟಿಗೆದ್ದಿದ್ದಳು. ಇದು ಮಗನನ್ನು ಜೈಲಿಗೆ ಕಳಿಸುವ ಅರ್ಜಿಯಲ್ಲ ಎಂದು ತಿಳಿಹೇಳಲು ನನಗೆ ಎರಡು ಸಲ ಬಸ್ಸು ಹತ್ತಬೇಕಾಯಿತು. ನೋಡಿಕೊಳ್ಳಬೇಕಾದವರು ಎಲ್ಲೋ ಒಂದು ಕಡೆ ಪೂರ್ತಿ ಬಿಟ್ಟೇ ಹೋದರೆ ಮಾತ್ರ ಅದು ಅಪರಾಧ, ಮೂರು ತಿಂಗಳವರೆಗೆ ಶಿಕ್ಷೆ ಇದೆ. ಹಾಗೆ ಬಿಟ್ಟು ಹೋಗುವವರು ಇಲ್ಲವೆನ್ನಬೇಡಿ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿದ್ದಾರೆಂಬ ಸುದ್ದಿ 2025ರ ಮಾರ್ಚಿನಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಇನ್ನೊಂದು ಮಾತು, ಇದನ್ನು ನಿಧಾನವಾಗಿ ಕೇಳಿರಿ. ಈ ಕಾನೂನು "ಮಕ್ಕಳು" ಎಂದು ಯಾರನ್ನು ಕರೆಯುತ್ತದೆ? ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಸೊಸೆ ಅಳಿಯರನ್ನೂ ಸೇರಿಸಬೇಕು, ಖಾಸಗಿ ವೃದ್ಧಾಶ್ರಮಗಳಿಗೆ ನೋಂದಣಿ ಕಡ್ಡಾಯ ಮಾಡಬೇಕು ಎಂದು 2019ರಲ್ಲಿ ಲೋಕಸಭೆಗೆ ಒಂದು ಮಸೂದೆ ಬಂದಿತ್ತು. ಅದು ಪಾಸಾಗದೆ 2024ರಲ್ಲಿ ಆ ಲೋಕಸಭೆಯ ಜೊತೆಗೇ ಮುಗಿಯಿತು. ನಮ್ಮ ಊರುಗಳಲ್ಲಿ ಮುದುಕಿ ಆಶ್ರಮ ಸೇರಿದಳೆಂದರೆ ಮೊದಲ ಬೈಗುಳ ಸೊಸೆಗೆ. "ಆಕಿ ಕಾಲಗುಣ." ನಮ್ಮ ಮನೆಯಲ್ಲಿಯೂ ಅದೇ ಆಯಿತು. ಆ ಸೊಸೆ ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತು, ತಗಡಿನ ಶೆಡ್ಡಿನಲ್ಲಿ ಎರಡು ಕೂಸು ಸಾಕುತ್ತಿದ್ದಾಳೆ. ಹೊಲ ಬರೆಸಿಕೊಂಡವನು ಮಗ, ಲಗ್ನದ ದುಡ್ಡು ಹೋದದ್ದು ಹೆಣ್ಣುಮಕ್ಕಳ ಬೀಗರಿಗೆ, ಸೇವೆಯ ಲೆಕ್ಕ ಮಾತ್ರ ಸೊಸೆಯ ಹೆಸರಿಗೆ. ನನಗೇನೂ ಇದು ನ್ಯಾಯವೆಂದು ಕಾಣುವುದಿಲ್ಲ.

ಇದೇ ಕಾನೂನನ್ನು ಸೊಸೆಯ ಮೇಲೆ ಬಡಿಗೆಯಂತೆ ಬೀಸಿದವರೂ ಇದ್ದಾರೆ. ಬೆಂಗಳೂರಿನ ಎಸ್. ವನಿತಾ ಅವರ ಪ್ರಕರಣ ಅಂಥದು. ಗಂಡ ಕೊಂಡಿದ್ದ ಆಸ್ತಿ ಮೊದಲು ಮಾವನ ಹೆಸರಿಗೆ, ಆಮೇಲೆ ದಾನವಾಗಿ ಅತ್ತೆಯ ಹೆಸರಿಗೆ ಹೋಗಿತ್ತು. ಅತ್ತೆ ಮಾವ ಹಿರಿಯ ನಾಗರಿಕರ ಕಾನೂನಿನಡಿ ಸೊಸೆಯನ್ನು ಮನೆ ಬಿಡಿಸಲು ಅರ್ಜಿ ಹಾಕಿದರು. ಎ.ಸಿ., ಡಿ.ಸಿ., ಹೈಕೋರ್ಟು, ಎಲ್ಲ ಕಡೆ ಸೊಸೆಗೆ ಸೋಲಾಯಿತು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆ ಆದೇಶಗಳನ್ನು ತೆಗೆದುಹಾಕಿತು. ವೃದ್ಧರ ಕಾನೂನು ತೋರಿಸಿ, 2005ರ ಕೌಟುಂಬಿಕ ದೌರ್ಜನ್ಯ ಕಾನೂನು ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಎರಡನ್ನೂ ಕೂಡಿಸಿ ಓದಬೇಕು ಎಂದಿತು. ಆದ್ದರಿಂದ ನಮ್ಮ ಸಂಘಕ್ಕೆ ಅತ್ತೆ ಬಂದರೂ ಸೊಸೆ ಬಂದರೂ, ಆಸ್ತಿ ಯಾರ ಹೆಸರಿನಲ್ಲಿದೆ, ಗಂಡಸು ಎಲ್ಲಿ ಅಡಗಿದ್ದಾನೆ ಎಂದು ಮೊದಲು ನೋಡಿರಿ.

ಹಾಗೆಯೇ 2005ರ ಕಾನೂನು ಸೊಸೆಗೆ ಮಾತ್ರ ಎಂದು ತಿಳಿಯಬೇಡಿ. ಒಂದೇ ಮನೆಯಲ್ಲಿ ಬಾಳಿದ ತಾಯಿಯೂ ಮಗನ ಮೇಲೆ ದೂರು ಕೊಡಬಹುದು. 2016ರಲ್ಲಿ ಸುಪ್ರೀಂ ಕೋರ್ಟು "ವಯಸ್ಕ ಪುರುಷ" ಎಂಬ ಮಾತನ್ನು ತೆಗೆದುಹಾಕಿದ ಮೇಲೆ ಹೆಂಗಸರ ಮೇಲೂ ಕೊಡಬಹುದು. ಮನೆಯಿಂದ ಹೊರಗೆ ಹಾಕದಂತೆ ಆದೇಶ ಕೇಳಬಹುದು. ತಾಲ್ಲೂಕಿನಲ್ಲಿ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಗೆ ಹೇಳಿದರೂ ದಾರಿ ತೋರಿಸುತ್ತಾಳೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಹಿರಿಯರ ಸಹಾಯವಾಣಿ 14567, ದುಡ್ಡು ಹತ್ತುವುದಿಲ್ಲ.

ದಾನಪತ್ರದ ವಿಷಯ ಹೇಳದೆ ಮುಗಿಸುವಂತಿಲ್ಲ. ದೊಡ್ಡವ್ವನ ಕಾಗದ ತೆಗೆಸಿ ನೋಡಿದೆ. "ಪ್ರೀತಿ ವಿಶ್ವಾಸದಿಂದ" ಎಂದು ಬರೆದಿದೆ, ನೋಡಿಕೊಳ್ಳಬೇಕು ಎಂದು ಒಂದು ಸಾಲೂ ಇಲ್ಲ. 2007ರ ಕಾನೂನಿನ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಬರುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಇನ್ನೊಬ್ಬ ತಾಯಿಯ ಪ್ರಕರಣದಲ್ಲಿ, ಮಗ ನೋಡಿಕೊಳ್ಳುವುದಾಗಿ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದನೆಂಬುದನ್ನೂ ಗಮನಿಸಿ ದಾನಪತ್ರವನ್ನು ರದ್ದು ಮಾಡಿತು. ಅಂದರೆ ಒಂದು ಸಾಲಿನ ಮೇಲೆ ಮುದುಕಿಯ ಹೊಲ ನಿಂತಿದೆ. ಗೋಡೆಗೆ ಒರಗಿರುವ ಅವ್ವಂದಿರೇ, ಬರೆದುಕೊಡಬೇಕೆಂದಿದ್ದರೆ ಆ ಸಾಲು ಬರೆಸಿರಿ. ಅದಕ್ಕಿಂತ ಒಳ್ಳೆಯದು ಮೃತ್ಯುಪತ್ರ. ಬದುಕಿರುವ ತನಕ ಹೊಲ ನಿಮ್ಮದೇ, ಮನಸ್ಸು ಬದಲಾದರೆ ಕಾಗದವನ್ನೂ ಬದಲಿಸಬಹುದು.

ದೊಡ್ಡವ್ವನ ಕಥೆ ಏನಾಯಿತು ಎಂದು ಕೇಳುತ್ತೀರಿ. ಸಂಘದ ಮೂರು ಮಂದಿ ಹೋಗಿ ಆಶ್ರಮಕ್ಕೆ ಬರವಣಿಗೆಯಲ್ಲಿ ಕೇಳಿದೆವು: ಅವಳ ಪಾಸ್‌ಬುಕ್ಕು, ಕಾರ್ಡು, ಆ ನಾಲ್ಕು ಪುಟದ ನಕಲು. ಮ್ಯಾನೇಜರು ಮೊದಲು ಗದರಿದರು, ಎರಡನೆಯ ವಾರ ಕೊಟ್ಟರು. ಆ ಫಾರಂ ಅನ್ನು ಅವಳ ಮುಂದೆ ಕುಳಿತು ಪೂರ್ತಿ ಓದಿ ಹೇಳಿದೆ. ಮಗ ತಿಂಗಳಿಗೆ ಇಷ್ಟು ಕಳಿಸುತ್ತೇನೆ ಎಂದು ಅರ್ಜಿ ಹಾಕುವ ಮೊದಲೇ ಬರೆದುಕೊಟ್ಟ. ಈವರೆಗೆ ಎರಡು ತಿಂಗಳು ತಪ್ಪಿಸಿದ್ದಾನೆ, ನಾಳೆ ಫೋನು ಮಾಡಬೇಕು.

"ಈಗ ಊರಿಗೆ ಬರ್ತೀಯೇನು?" ಎಂದು ಕೇಳಿದೆ. ಬರುತ್ತಾಳೆಂದು ನಾನು ಕೋಣೆ ಸಾರಿಸಿ ಇಟ್ಟಿದ್ದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲೇ ಇರ್ತೀನವ್ವಾ. ಮಾತಾಡಾಕ ನಾಕ್ ಮಂದಿ ಅದಾರ. ಬಿಸಿ ರೊಟ್ಟಿ ಕೊಡ್ತಾರ. ಆದರ ಆ ಗೇಟ್ ಹಗಲಿ ತೆರೆದಿರಬೇಕು" ಎಂದಳು.

ಗೇಟು ಈಗ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ತೆರೆದಿರುತ್ತದೆ. ಅಲ್ಲಿರುವ ಇನ್ನೂ ಹನ್ನೊಂದು ಹೆಂಗಸರ ಪಾಸ್‌ಬುಕ್ಕು ಅದೇ ಕಪಾಟಿನಲ್ಲಿವೆ. ಅದಕ್ಕಾಗಿ ಬರುವ ಸೋಮವಾರ ಮತ್ತೆ ಹೋಗುತ್ತಿದ್ದೇವೆ. ಬರುವವರು ಎಂಟು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬನ್ನಿ. ಓದಲು ಬರುವ ಹುಡುಗಿಯೊಬ್ಬಳನ್ನು ಕರೆತಂದರೆ ಒಳ್ಳೆಯದು, ಫಾರಂಗಳು ಬಹಳ ಇವೆ.